ಹುಡುಗನ ಪಾಲಿನ ಸೀಕಲು

ನ್ಜೊಂಬೆ
೧೪ ಜೂನ್ ೧೯೯೬

ನನ್ನ ಮನೆಯ ದೀಪವೂ ನನ್ನ ಕಿವಿಯ ಕಾಟವೂ ಆಗಿರುವ ಹೆಂಡತಿ, ಪೆಂಬಾ ದ್ವೀಪದ ಮಿಕೋಕೋನಿಯ ಸೌಮು ಬೀಬಿಯವರ ಸನ್ನಿಧಾನಕ್ಕೆ, ಬೆಟ್ಟದ ಮೇಲೆ ಚಳಿಗೆ ಮುದುಡಿ ಕೂತಿರುವ ಗಂಡ ಮಕಾಮೆ ಸಲಾಮು ಮಾಡಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಿನ್ನ ಗಂಡನನ್ನು ಇಲ್ಲಿ ಆಲೂಗಡ್ಡೆ ಹಾಕಿ ಕೊಲ್ಲುತ್ತಿದ್ದಾರೆ. ಬೆಳಿಗ್ಗೆ ಆಲೂಗಡ್ಡೆ, ಮಧ್ಯಾಹ್ನ ಆಲೂಗಡ್ಡೆ, ರಾತ್ರಿ ಬದಲಾವಣೆ ಇರಲಿ ಎಂದು ಅದೇ ಆಲೂಗಡ್ಡೆಯನ್ನು ಬೇರೆ ತಟ್ಟೆಯಲ್ಲಿ ಕೊಡುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಪೈನ್ ಮರಗಳಿಗೆ ಔಷಧಿ ಕುಡಿಸಿ ಕರೆಂಟು ಕಂಬ ಮಾಡುತ್ತೇವೆ. ಆ ಮರಗಳಿಗೆ ಸಿಗುವ ಔಷಧಿ ನನ್ನ ಊಟಕ್ಕಿಂತ ರುಚಿಯಾಗಿರಬೇಕೆಂಬ ಅನುಮಾನ ನನಗೆ ಬಲವಾಗಿದೆ. ಇಲ್ಲಿ ಸಮುದ್ರವೂ ಇಲ್ಲ. ಯಾರನ್ನು ಕೇಳಿದರೂ “ಕೆಳಗಡೆ ಎಲ್ಲೋ ಇದೆಯಂತೆ” ಎನ್ನುತ್ತಾರೆ, ಜಗಳವಾಡಿ ಬಿಟ್ಟುಹೋದ ನೆಂಟನ ಸುದ್ದಿ ಹೇಳಿದ ಹಾಗೆ.

ಹೆಂಡತಿಗೆ ಹಳೆಯದನ್ನು ನೆನಪಿಸುವುದು ಗಂಡನಾದವನ ಕರ್ತವ್ಯ. ನಾನು ಹುಟ್ಟಿದ ದಿನ ಸೂಲಗಿತ್ತಿಯ ಕೈಯಿಂದ ನನ್ನನ್ನು ಕಿತ್ತುಕೊಂಡು, ಊರೆಲ್ಲ ಕೇಳುವ ಹಾಗೆ “ಬಂದ್ಯಾ ಗಂಡಾ? ಇಷ್ಟು ತಡ ಯಾಕೆ?” ಎಂದವಳು ನೀನು. ನಮ್ಮ ಕಡೆ ಯಾವ ಬೀಬಿ, ಯಾವ ಅಜ್ಜಿ ತಾನೇ ಮೊಮ್ಮಗನನ್ನು ಗಂಡ ಅನ್ನುವುದಿಲ್ಲ? ಬೈಯುವುದು, ಅಣಕಿಸುವುದು, ಸೆರಗಿನ ಗಂಟಿನಿಂದ ಬೆಲ್ಲ ಬಿಚ್ಚಿ ಕೊಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಆದರೆ ನಿನ್ನ ಹಾಗೆ ಗಂಭೀರವಾಗಿ ಸಂಸಾರ ಮಾಡಿದವಳು ಇನ್ನೊಬ್ಬಳಿಲ್ಲ. ಹಬ್ಬಕ್ಕೆ ಹೊಸ ಕಾಂಗಾ ಉಡಿಸಲಿಲ್ಲ ಎಂದು, ಇನ್ನೂ ಚಡ್ಡಿ ಗುಂಡಿ ಹಾಕಲು ಬಾರದ ನನ್ನ ಮೇಲೆ ಪಂಚಾಯಿತಿ ಸೇರಿಸಿದ್ದೆ.

ಆ ಸಂಸಾರದ ಆಣೆ ಇಟ್ಟು ಕೇಳುತ್ತೇನೆ. ಸುರಿರೊಟ್ಟಿ ಮಾಡುವ ಬಗೆಯನ್ನು ರಿಝಿಕಿ ಅಕ್ಕನ ಕೈಯಲ್ಲಿ ಬರೆಸಿ ಕಳಿಸು. ಇಲ್ಲಿ ಮಲಗಿ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಅಂಗಳದ ಚಾಪೆ ಮೇಲೆ ಲವಂಗ ಒಣಗುತ್ತಿದೆ. ನೀನು ಉಬ್ಬಿದ ಹಿಟ್ಟನ್ನು ಬಾಣಲೆಗೆ ಸುರಿಯುತ್ತೀಯ, ತೆಂಗಿನ ಹಾಲೂ ಏಲಕ್ಕಿಯೂ ಬೆರೆತ ಹಬೆ ನನ್ನ ಮುಖಕ್ಕೆ ಹೊಡೆಯುತ್ತದೆ. ತಳ ಹಿಡಿದ ಮೇಲೆ ಬಿಸ್ಮಿಲ್ಲಾ ಎಂದು ಬಾಣಲೆಯನ್ನೇ ಎತ್ತಿ ಕೆಂಡದ ಮೇಲೆ ಬೋರಲು ಹಿಡಿಯುತ್ತೀಯ, ಮೇಲ್ಭಾಗ ಕೆಂಪಗಾಗಲಿ ಎಂದು. ಈಗ ಬಿತ್ತು, ಈಗ ಬಿತ್ತು ಎಂದು ನಾನು ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದೆ. ಒಂದು ಸಲವೂ ಬೀಳಲಿಲ್ಲ. ಆಮೇಲೆ ನಡುವಿನ ಮೆತ್ತಗಿನ ಭಾಗ ಊರಿಗೆಲ್ಲ; ತಳದಲ್ಲಿ ಅಂಟಿ ಕರಕರ ಎನ್ನುವ ಕೆಂಪು ಸೀಕಲು ಮಾತ್ರ ನನಗೆ. ಕೇಳಿದವರಿಗೆ “ಅದು ನನ್ನ ಗಂಡನ ಪಾಲು, ಮುಟ್ಟಿದ್ರೆ ಕೈ ಮುರೀತೀನಿ” ಅನ್ನುತ್ತಿದ್ದೆ.

ಸದರಿ ಗಂಡನು ಉತ್ತರಕ್ಕಾಗಿ ಕಾದಿರುವನು.

ನಿನ್ನ
ಆಲೂಗಡ್ಡೆಪೀಡಿತ ಗಂಡ
ಮಕಾಮೆ

*

ಮಿಕೋಕೋನಿ
೯ ಜುಲೈ ೧೯೯೬

ಚಳಿ ಹಿಡಿದ ಗಂಡನಿಗೆ ಬಿಸಿಬಿಸಿ ಬೈಗುಳ.

ತಮ್ಮಾ, ಇದು ಬೀಬಿಯ ಮಾತು. ಬರೆಯುವ ಕೈ ಮಾತ್ರ ನಿನ್ನ ಅಕ್ಕ ರಿಝಿಕಿಯದು.

“ಹೆಂಡತಿಗೆ ಒಂದು ಕಾಂಗಾ ಕಳಿಸೋ ಯೋಗ್ಯತೆ ಇಲ್ಲ, ರೊಟ್ಟಿ ಬೇಕಂತೆ ರೊಟ್ಟಿ! ಆಯ್ತು, ಬರ್ಕೋ. ಅಕ್ಕಿ ಹಿಂದಿನ ದಿನಾನೇ ನೆನೆಹಾಕು. ತೆಂಗಿನಕಾಯಿ ತುರಿದು ಮೊದಲನೇ ಹಾಲು ಹಿಂಡು. ಅದರಲ್ಲೇ ಅಕ್ಕಿ ರುಬ್ಬಬೇಕು, ನೀರು ತೋರಿಸಕೂಡದು. ಸಕ್ಕರೆ, ಏಲಕ್ಕಿ ಹಾಕಿ ಹುದುಗು ಬರೋಕೆ ಮುಚ್ಚಿಡು. ಉಬ್ಬಿದ ಮೇಲೆ ಮೊಟ್ಟೆ ಬಿಳಿ ಕಲಸು. ತೆಂಗಿನಕಾಯಿ ತುರಿದು ಹಾಲು ಹಿಂಡು. ಬಾಣಲೆ ಕಾಯಲಿ, ಸುರಿ. ಆತುರ ಮಾಡ್ಬೇಡ, ತಳ ಹಿಡೀಲಿ. ಸೀಕಲು ಅಂದ್ರೆ ಸೀದುಹೋಗಿದ್ದು ಅಂತ ಜನ ಮೂಗು ಮುರೀತಾರೆ. ರೊಟ್ಟೀನ ಹಿಡ್ಕೊಂಡಿರೋದೇ ಅದು ಕಣೋ. ಅದಿಲ್ದಿದ್ರೆ ಬೋರಲು ಹಾಕಿದ ಕೂಡ್ಲೇ ಎಲ್ಲಾ ಬೆಂಕಿ ಪಾಲು. ತೆಂಗಿನಕಾಯಿ ತುರಿದು ಹಾಲು ಹಿಂಡೋದು ಮರೀಬೇಡ.”

ತೆಂಗಿನಕಾಯಿ ಎಷ್ಟು ಸಲ ತುರಿಸಿದಳು ನೋಡು. ಅವಳು ಹೇಳಿದ ಹಾಗೇ ಬರೆದಿದ್ದೇನೆ. ಒಂದು ಸಲ ತುರಿದರೆ ಸಾಕು.

ಕೊನೆಗೆ ಇನ್ನೊಂದು ಮಾತು ಬರೆಸಿದಳು: “ನೀವು ಹತ್ತಿದ ದೋಣಿ ಯಾರದ್ದು? ಅದರ ಹಾಯಿಗೆ ತೇಪೆ ಇತ್ತಲ್ಲ, ಹೊಲಿಸಿದ್ರಾ?”

ಇದ್ದಕ್ಕಿದ್ದ ಹಾಗೆ ‘ನೀವು’! ನೀನು ಹೋದದ್ದು ಇಂಜಿನ್ ಹಡಗಿನಲ್ಲಿ, ಅದಕ್ಕೆ ಹಾಯಿ ಎಲ್ಲಿಂದ ಬರಬೇಕು? ಕಾಂಗಾವನ್ನು ತಲೆ ಮೇಲೆ ಎಳೆದುಕೊಂಡು ಹೊಸ ಮದುಮಗಳ ಹಾಗೆ ಕೇಳಿದಳು. ನಾನು ನಕ್ಕು ನಕ್ಕು ಪೆನ್ನು ಕೆಳಗೆ ಹಾಕಿದೆ. ತಮಾಷೆಯಲ್ಲಿ ನಿನ್ನನ್ನೂ ಮೀರಿಸುತ್ತಿದ್ದಾಳೆ, ಹುಷಾರು.

ಇಂತಿ ನಿನ್ನ ಅಕ್ಕ ಮತ್ತು ನಿನ್ನ ಹೆಂಡತಿಯ ಗುಮಾಸ್ತೆ
ರಿಝಿಕಿ

*

ನ್ಜೊಂಬೆ
೨೨ ಸೆಪ್ಟೆಂಬರ್ ೧೯೯೬

ಮಹಾಗೃಹಿಣಿ ಸೌಮು ಬೀಬಿಯವರಿಗೆ,

ಭಾರವಾದ ಹೃದಯದಿಂದಲೂ ಸುಟ್ಟ ಹುಬ್ಬಿನಿಂದಲೂ ಈ ವರದಿ ಒಪ್ಪಿಸುತ್ತಿದ್ದೇನೆ.

ದಾರ್ ಎಸ್ ಸಲಾಮಿನಿಂದ ಲಾರಿಯಲ್ಲಿ ತೆಂಗಿನಕಾಯಿ ತರಿಸಿದೆ. ನನ್ನ ಮನೆ ಒಡತಿ ಮಾಮಾ ತುಮೈನಿ ಅದನ್ನು ಕಿವಿ ಹತ್ತಿರ ಅಲ್ಲಾಡಿಸಿ, “ಇದರೊಳಗೆ ಯಾರಿದ್ದಾರೆ?” ಎಂದಳು.

“ನಮ್ಮೂರು ಇದೆ” ಎಂದೆ.

“ಹಾಗಾದ್ರೆ ನಿಮ್ಮೂರು ಹಳಸಿದೆ ಮಗಾ, ಮೂಸಿ ನೋಡು.”

ಇನ್ನೊಂದು ತರಿಸಿದೆ. ಅಕ್ಕಿ ರುಬ್ಬಿದೆ. ಆದರೆ ಈ ಚಳಿಯಲ್ಲಿ ಹಿಟ್ಟು ಉಬ್ಬಬೇಕಲ್ಲ? ಒಲೆಯ ಪಕ್ಕ ಇಟ್ಟೆ, ಬಿಸಿಲಿಗೆ ಇಟ್ಟೆ, ಬುದ್ಧಿ ಹೇಳಿದೆ. ಕೊನೆಗೆ ಪಾತ್ರೆಗೆ ನನ್ನ ಸ್ವೆಟರ್ ತೊಡಿಸಿ, ಕಂಬಳಿಯೊಳಗೆ ಮಗ್ಗುಲಿಗೆ ಹಾಕಿಕೊಂಡು ಮಲಗಿದೆ. ಆದ್ದರಿಂದ ನಿನಗೆ ತಿಳಿಸಲೇಬೇಕಾಗಿದೆ, ಧೈರ್ಯ ತಂದುಕೋ: ನಾನು ಎರಡನೇ ಮದುವೆಯಾಗಿದ್ದೇನೆ. ಹೊಸ ಹೆಂಡತಿ ದುಂಡಗಿದ್ದಾಳೆ, ಬೆಳ್ಳಗಿದ್ದಾಳೆ, ಹೆಚ್ಚು ಮಾತಾಡುವುದಿಲ್ಲ. ಬೆಳಗಾಗುವ ಹೊತ್ತಿಗೆ ಸ್ವಲ್ಪ ಉಬ್ಬಿದ್ದಾಳೆ ಸಹ.

ಮುಂದಿನದು ದುಃಖದ ಅಧ್ಯಾಯ. ಆತುರ ಮಾಡಬೇಡ ಎಂದಿದ್ದೆ, ಮಾಡಿದೆ. ಬಿಸ್ಮಿಲ್ಲಾ ಎಂದು ಬೋರಲು ಹಿಡಿದೆ, ಅಭ್ಯಾಸಬಲದಿಂದ ಕಣ್ಣನ್ನೂ ಮುಚ್ಚಿದೆ. ಚುಂಯ್! ನನ್ನ ಎರಡನೇ ಹೆಂಡತಿ ಇಡಿಯಾಗಿ ಬೆಂಕಿಗೆ ಹಾರಿದಳು. ಮನೆಯೆಲ್ಲ ಏಲಕ್ಕಿ ಹೊಗೆ. ಮಾಮಾ ತುಮೈನಿ ಕೆಮ್ಮುತ್ತಾ, “ಪರಿಮಳ ಮಾತ್ರ ಚೆನ್ನಾಗಿದೆ, ಸತ್ತೋಳು ಒಳ್ಳೆ ಮನೆತನದೋಳು” ಎಂದಳು.

ಆ ಹೊಗೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮ ಅಡಿಗೆಮನೆಯದೇ ವಾಸನೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎಂದು ದಾಖಲಿಸತಕ್ಕದ್ದು.

ವಿಧುರನಾದ
ಮಕಾಮೆ

*

ಮಿಕೋಕೋನಿ
೧೭ ಅಕ್ಟೋಬರ್ ೧೯೯೬

ಮಕಾಮೆ,

ಇದು ನಾನೇ ಬರೆಯುತ್ತಿರುವ ಪತ್ರ. ಬೀಬಿ ಹೇಳಿಸಿದ್ದಲ್ಲ.

ನಿನ್ನ ಪತ್ರವನ್ನು ನಗುತ್ತಲೇ ಓದಲು ಶುರುಮಾಡಿದೆ. ಎರಡನೇ ಮದುವೆ ಎಂದ ಕೂಡಲೇ ಅವಳಿಂದ ಒಳ್ಳೆಯ ಬೈಗುಳ ಬರುತ್ತದೆ, ಬರೆದುಕೊಳ್ಳೋಣ ಎಂದು ಕಾದೆ. ಅವಳು ಕಡೆಯವರೆಗೂ ಕೇಳಲೇ ಇಲ್ಲ. ಎದ್ದು ಹೋಗಿ ಬಟ್ಟೆ ಗಂಟು ಕಟ್ಟಿದಳು. “ಅದು ಪಾತ್ರೆ ಬೀಬಿ, ಹಿಟ್ಟಿನ ಪಾತ್ರೆ!” ಎಂದು ಹಿಂದೆ ಹಿಂದೆ ಓಡಿದೆ. “ನನಗೆ ಹೇಳ್ಬೇಡ. ಮೊಂಬಾಸಾದಲ್ಲಿ ಇಟ್ಕೊಂಡಿದ್ದಾರೆ ಅಂತ ಊರೇ ಹೇಳಿತ್ತು. ನಾನೇ ನಂಬಿರಲಿಲ್ಲ” ಎಂದಳು. ದೋಣಿ ಕಟ್ಟುವ ಕಡೆ ಹೋಗಿ ಕೂತವಳನ್ನು ನಾನೂ ನೆರೆಯವರಿಬ್ಬರೂ ಸೇರಿ ಮನೆಗೆ ಕರೆತಂದೆವು. ಆಮೇಲೆ ಊಟ ಬಿಟ್ಟಳು.

ಅಜ್ಜನ ವಿಷಯ ನಿನಗೆ ಗೊತ್ತಿರುವಷ್ಟೇ ನನಗೂ ಗೊತ್ತಿದ್ದದ್ದು. ಹಮಾದಿ ಅಂತ ಹೆಸರು, ದೋಣಿಯಲ್ಲಿ ಹೋದವರು ಬರಲಿಲ್ಲ, ಅಷ್ಟೇ. ಈಗ ಅವಳೇ ಎಲ್ಲ ಹೇಳುತ್ತಿದ್ದಾಳೆ, ಮೊನ್ನೆ ನಡೆದ ಹಾಗೆ. ದಕ್ಷಿಣದ ಗಾಳಿ ಬಿದ್ದಾಗ ಲವಂಗ ತುಂಬಿಕೊಂಡು ಮೊಂಬಾಸಾಕ್ಕೆ ಹೊರಟರಂತೆ. ಆಗ ಅವರಿಗೆ ನಿನ್ನದೇ ವಯಸ್ಸು. ಉತ್ತರದ ಗಾಳಿ ತಿರುಗಿದ ಕೂಡಲೇ ಬರುತ್ತೇನೆ ಎಂದಿದ್ದರಂತೆ. ಎಷ್ಟೋ ಸಲ ಗಾಳಿ ತಿರುಗಿತು. ಮುಳುಗಿದರು ಎಂದರು ಕೆಲವರು. ಅಲ್ಲಿ ಸಂಸಾರ ಹೂಡಿದರು ಎಂದರು ಇನ್ನು ಕೆಲವರು.

ನಾವು ತಮಾಷೆ ಅಂದುಕೊಂಡದ್ದು ತಮಾಷೆಯಾಗಿರಲಿಲ್ಲ ಮಕಾಮೆ. ನಿನ್ನ ಪತ್ರಗಳನ್ನು ಅವಳು ಗಂಡನ ಪತ್ರ ಎಂದೇ ಕೇಳಿಸಿಕೊಂಡಿದ್ದಾಳೆ. ವೈದ್ಯರು, ವಯಸ್ಸಾಯಿತು, ಮರೆವು ಹೆಚ್ಚುತ್ತದೆ ಎಂದರು. ನನ್ನನ್ನು ಈಗ ತನ್ನ ತಂಗಿ ಅನ್ನುತ್ತಾಳೆ.

ಇನ್ನು ಗಂಡ ಅಂತ ಬರೆಯಬೇಡ. ಮೊಮ್ಮಗ ಎಂದು ಬರೆ, ನೇರವಾಗಿ. ಆಗಲಾದರೂ ನೆನಪಾದೀತು.

ರಿಝಿಕಿ

*

ನ್ಜೊಂಬೆ
೩ ನವೆಂಬರ್ ೧೯೯೬

ಬೀಬಿ,

ನಾನು ಮಕಾಮೆ. ನಿನ್ನ ಮಗಳು ಝುವೇನಾಳ ಮಗ. ಅಮ್ಮ ಉಂಗುಜಾ ದ್ವೀಪಕ್ಕೆ ಹೋದ ಮೇಲೆ ನೀನೇ ನನ್ನನ್ನು ಸಾಕಿದೆ. ನನ್ನ ಮೊಣಕಾಲಿನ ಗಾಯ ನಿನ್ನ ಲವಂಗದ ಮರದಿಂದ ಬಿದ್ದು ಆದದ್ದು. ನಾನು ಯಾರನ್ನೂ ಮದುವೆಯಾಗಿಲ್ಲ.

ಊಟ ಮಾಡು ಬೀಬಿ.

ತಮಾಷೆ ಇಲ್ಲದೆ ನಿನಗೆ ಪತ್ರ ಬರೆಯುವುದು ನನಗೆ ಬರುವುದಿಲ್ಲ, ಅದಕ್ಕೇ ಇಷ್ಟೇ.

ನಿನ್ನ ಮೊಮ್ಮಗ
ಮಕಾಮೆ

*

ಮಿಕೋಕೋನಿ
೨೬ ನವೆಂಬರ್ ೧೯೯೬

ತಮ್ಮಾ,

ಓದಿ ಹೇಳಿದೆ. ಇಡೀ ಪತ್ರವನ್ನು ಮನಸ್ಸಿಟ್ಟು ಕೇಳಿದಳು. ಆಮೇಲೆ, “ಪಾಪ, ಯಾರ ಮಗು ಇದು? ಇಲ್ಲಿಗ್ಯಾಕೆ ಬಂತು ಪತ್ರ? ಉತ್ತರ ಬರೆಯದಿದ್ದರೆ ತಪ್ಪಾಗುತ್ತೆ, ಬರ್ಕೋ” ಎಂದಳು. ಬರೆಯಲಾರೆ ಎಂದೆ. ಬಿಡಲಿಲ್ಲ. ಇದು ಅವಳದು:

“ನನಗೆ ಗುರುತಿಲ್ಲದ ಮಗು ಮಕಾಮೆಗೆ, ಸೌಮು ಮಾಡುವ ಆಶೀರ್ವಾದ. ನಿನ್ನ ಪತ್ರ ದಾರಿ ತಪ್ಪಿ ನಮ್ಮ ಮನೆಗೆ ಬಂದಿದೆ. ನಿನ್ನ ಅಜ್ಜಿ ಪುಣ್ಯವಂತೆ, ಊಟ ಮಾಡು ಅಂತ ಹೇಳೋ ಮೊಮ್ಮಗ ಇದ್ದಾನೆ. ಅವಳನ್ನು ಬೇಗ ಹೋಗಿ ನೋಡು. ವಯಸ್ಸಾದವರು ಕಾಯ್ತಾ ಇರ್ತಾರೆ. ಮೊಣಕಾಲಿಗೆ ತೆಂಗಿನೆಣ್ಣೆ ಹಚ್ಚು. ದೇವರು ನಿನಗೆ ಒಳ್ಳೇದು ಮಾಡಲಿ.”

ಬರೆದು ಮುಗಿಸಿ ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಊಟ ಇನ್ನೂ ಸರಿಯಾಗಿಲ್ಲ. ಎಲ್ಲಕ್ಕೂ ಒಂದೇ ಮಾತು, ‘ಅವರ ಪತ್ರ ಬರಲಿ.’ ಏನು ಮಾಡಲಿ ಹೇಳು. ಮೊಮ್ಮಗನಾದರೆ ನೀನು ಅವಳಿಗೆ ಯಾರೂ ಅಲ್ಲ. ಗಂಡನಾದರೆ ನೀನು ನೀನಲ್ಲ. ನಾನು ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಿನಗೆ ತೋಚಿದ ಹಾಗೆ ಬರೆ.

ರಿಝಿಕಿ

*

ನ್ಜೊಂಬೆ
೧೫ ಡಿಸೆಂಬರ್ ೧೯೯೬

ಸೌಮು,

ನಾನು ಯಾರನ್ನೂ ಕಟ್ಟಿಕೊಂಡಿಲ್ಲ. ಮೊಂಬಾಸಾದಲ್ಲೂ ಇಲ್ಲ, ಎಲ್ಲೂ ಇಲ್ಲ. ಊರಿನವರು ಹೇಳಿದ್ದು ಸುಳ್ಳು. ಅದು ಬರೀ ಹಿಟ್ಟಿನ ಪಾತ್ರೆ. ನಿನ್ನ ರೊಟ್ಟಿ ಬೇಕು ಎನಿಸಿ ಒಬ್ಬನೇ ಮಾಡಲು ಹೋಗಿ ಕೆಡಿಸಿಕೊಂಡೆ.

ಹಾಯಿಯ ತೇಪೆ ಹೊಲಿಸಿದ್ದೇನೆ. ಗಾಳಿ ತಿರುಗಿದೆ. ಉಪವಾಸದ ತಿಂಗಳು ಮುಗಿಯುವುದರೊಳಗೆ ಬರುತ್ತೇನೆ. ಅಲ್ಲಿಯವರೆಗೆ ಹೊತ್ತು ಹೊತ್ತಿಗೆ ಉಣ್ಣು. ಸೊರಗಿದ ಹೆಂಡತಿಯನ್ನು ನೋಡಲು ಇಷ್ಟು ದೂರ ಬರಲಾರೆ.

ತಡವಾಯಿತು. ಬೇಕೆಂದು ತಡ ಮಾಡಿದ್ದಲ್ಲ.

ನಿನ್ನ
ಹಮಾದಿ

*

ಮಿಕೋಕೋನಿ
೧೧ ಜನವರಿ ೧೯೯೭

ತಮ್ಮಾ,

ಪತ್ರವನ್ನು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ “ಗಂಜಿ ಇದ್ಯಾ?” ಎಂದಳು. ಈಗ ಊಟ ಮಾಡುತ್ತಿದ್ದಾಳೆ. ನೀನು ರಜೆ ಹಾಕಿ ಬಾ. ಅವಳು ಹೇಳಿಸಿದ್ದು ಇಷ್ಟು:

“ನೀವು ಬರೋ ದಿನ ಸುರಿರೊಟ್ಟಿ ಮಾಡ್ತೀನಿ. ನಡುವಿನ ಮೆತ್ತಗಿನದು ನಿಮಗೆ. ಸೀಕಲಿಗೆ ಕೈ ಹಾಕಕೂಡದು, ಈಗಲೇ ಹೇಳ್ತೀನಿ. ಅದು ಹುಡುಗಂದು. ಯಾವ ಹುಡುಗ ಅಂತ ಕೇಳ್ಬೇಡಿ, ನನಗೆ ಹೆಸರು ಬಾಯಿಗೆ ಬರ್ತಿಲ್ಲ. ಒಲೆ ಪಕ್ಕ ಕೂತ್ಕೊಂಡು ಕಣ್ಣು ಮುಚ್ಕೋತಾನೆ. ಅವನಿಗೆ ಎತ್ತಿಡ್ದೇ ನಾನು ಯಾರಿಗೂ ಬಡಿಸೋದಿಲ್ಲ.”

ನಿನಗೆ ಇದನ್ನು ಹೇಗೆ ಬರೆಯಬೇಕು ಎಂದು ಯೋಚಿಸಿ ಯೋಚಿಸಿ, ಹಾಗೇ ಬರೆದುಬಿಟ್ಟೆ.

ಇನ್ನೊಂದು. ಅಜ್ಜನ ಮುಂದಿನ ಹಲ್ಲುಗಳು ದೋಣಿಯ ಹಗ್ಗ ಬಡಿದು ಹೋಗಿದ್ದವಂತೆ. ಅದಕ್ಕೇ ಅವರಿಗೆ ಮೆತ್ತಗಿನದು. ಆದ್ದರಿಂದ ಬಂದಾಗ ಅವಳೆದುರು ನಗಬೇಡ. ನಿನಗೆ ಕಷ್ಟವೆಂದು ಗೊತ್ತು. ಆದರೂ ಬಾಯಿ ಬಿಟ್ಟು ನಗಬೇಡ.

ಅಕ್ಕ
ರಿಝಿಕಿ

*

ನ್ಜೊಂಬೆ
೨೩ ಫೆಬ್ರವರಿ ೧೯೯೭

ರಿಝಿಕಿ ಅಕ್ಕಾ, ಕೆಳಗಿನದನ್ನು ಬೀಬಿಗೆ ಓದಿ ಹೇಳು. ನಡುವೆ ನಿಲ್ಲಿಸಬೇಡ. ಮಸೀದಿಯಲ್ಲಿ ನೋಟೀಸು ಓದುವವರ ಹಾಗೆ ಗಂಭೀರವಾಗಿ ಓದು, ಆಗ ನಿನಗೆ ಅಳು ಬರುವುದಿಲ್ಲ. ನಾನೂ ಹಾಗೇ ಬರೆದಿದ್ದೇನೆ.

ಮಾನ್ಯ ಸೌಮು ಬೀಬಿಯವರ ಸನ್ನಿಧಾನಕ್ಕೆ, ತಮಗೆ ಗುರುತಿಲ್ಲದ ಹುಡುಗ ಸಲಾಮು ಮಾಡಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಮ್ಮ ಯಜಮಾನರಾದ ಹಮಾದಿಯವರು ಇಲ್ಲಿಗೆ ಬಂದು, ಅವರು ಹೊರಡುವಾಗ ತಾವು ಬಾಳೆಲೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟು “ಆ ಹುಡುಗ ಎಲ್ಲಿದ್ರೂ ಹುಡುಕಿ ತಲುಪಿಸಿ” ಎಂದಿದ್ದ ಗಂಟನ್ನು ನನಗೆ ಒಪ್ಪಿಸಿರುತ್ತಾರೆ. ದಾರಿಯಲ್ಲಿ ಒಂದು ಚೂರೂ ಮುರಿದಿಲ್ಲ, ನಾನೇ ಬಿಚ್ಚಿ ನೋಡಿದೆ. ಬಸ್ಸಿನಲ್ಲಿ ಪಕ್ಕದವನು ಮೂಸಿ ಮೂಸಿ, “ಏನಣ್ಣಾ ಅದು? ಬಿಚ್ಚು, ಹಂಚ್ಕೊಂಡು ತಿನ್ನೋಣ” ಎಂದನಂತೆ. ಅವರಿಗೂ ಹಸಿವಾಗಿತ್ತಂತೆ. “ನಂದಲ್ಲಪ್ಪಾ, ಒಬ್ಬ ಹುಡುಗಂದು” ಎಂದರಂತೆ. ಒಳ್ಳೆಯ ಮನುಷ್ಯರು. ಅವರ ಮೇಲೆ ಅನುಮಾನ ಪಡಬೇಡಿ.

ಅವರು ಒಂದು ಸಲವೂ ನಗಲಿಲ್ಲ ಎಂದು ತಾವು ಬೇಜಾರು ಮಾಡಿಕೊಂಡಿರಂತೆ. ಹಲ್ಲಿನ ತೊಂದರೆ, ಬೇರೇನೂ ಅಲ್ಲ. ತಾವು ದಡಕ್ಕೆ ಬಂದು ಎರಡೂ ಕೈಯಿಂದ ಅವರ ಮುಖ ಹಿಡಿದು “ಬಂದ್ರಾ? ಇಷ್ಟು ತಡ ಯಾಕೆ?” ಎಂದಾಗ ಅವರಿಗೆ ಬಾಯಿ ತುಂಬ ನಗು ಬಂದಿತ್ತಂತೆ. ಹುಟ್ಟಿದ ದಿನವೂ ಯಾರೋ ಹೀಗೇ ಕೇಳಿದ್ದರಂತೆ. ತಡೆದುಕೊಂಡದ್ದು ಬೇರೆ ಕಡೆಯಿಂದ ಹೊರಬಂತು. ಸಮುದ್ರದ ಗಾಳಿ ಕಣ್ಣಿಗೆ ಹೊಡೆಯಿತು ಎಂದು ತಮಗೆ ಹೇಳಿದರಂತೆ. ಅದು ಸುಳ್ಳು, ಮನ್ನಿಸಿ.

ತಾವು ಬಾಣಲೆ ಬೋರಲು ಹಿಡಿದಾಗ ಅವರು ಕಣ್ಣು ಬಿಟ್ಟೇ ನೋಡಿದರಂತೆ. ಕಣ್ಣು ಮುಚ್ಚುವುದು ಅವರ ಪಾಲಿನ ಕೆಲಸವಲ್ಲವಲ್ಲ. ಈ ಸಲವೂ ರೊಟ್ಟಿ ಬೀಳಲಿಲ್ಲವಂತೆ. ಆಮೇಲೆ ಮೆತ್ತಗಿನದನ್ನು ಅವರಿಗೆ ಬಡಿಸಿ, ಸೀಕಲನ್ನು ಕೆರೆದು ತಟ್ಟೆಗೆ ಹಾಕಿ, ಮುಚ್ಚಿ, ತಾವು ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದಿರಂತೆ. “ಬರ್ತಾನೆ, ವಾಸನೆ ಹಿಡ್ದು ಬಂದೇ ಬರ್ತಾನೆ” ಎನ್ನುತ್ತಿದ್ದಿರಂತೆ. ಯಾರೂ ಬರಲಿಲ್ಲವಂತೆ.

ತಮ್ಮನ್ನು ಕಾಯಿಸಿದ್ದಕ್ಕೆ ಆ ಹುಡುಗ ತಲೆ ತಗ್ಗಿಸಿ ಕ್ಷಮೆ ಕೇಳುತ್ತಿದ್ದಾನೆ. ನಾನು ದೂರವೇನೂ ಇರಲಿಲ್ಲ ಬೀಬಿ. ಅಲ್ಲೇ, ತಟ್ಟೆಯ ಹತ್ತಿರವೇ ಇದ್ದೆ.

ಸೀಕಲು ಕಲ್ಲಿನ ಹಾಗಾಗಿತ್ತು. ಬಾಗಿಲು ಹಾಕಿಕೊಂಡು ತಿಂದೆ. ಮಾಮಾ ತುಮೈನಿ ಹೊರಗಿನಿಂದ “ಅದೇನು ಕರಕರ ಶಬ್ದ? ಯಾರಿಗೂ ಕೊಡದೆ ಏನು ತಿಂತಿದೀಯ?” ಎಂದು ಕೂಗಿದಳು. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ.

ಇನ್ನು ಮುಂದೆಯೂ ತಾವು ರೊಟ್ಟಿ ಮಾಡಿದಾಗ ನನ್ನ ಪಾಲು ಎತ್ತಿಡುವುದನ್ನು ಬಿಡಬಾರದಾಗಿ ಬೇಡಿಕೊಳ್ಳುತ್ತೇನೆ. ಹೆಸರು ನೆನಪಾಗದಿದ್ದರೆ ಚಿಂತೆಯಿಲ್ಲ. ಹೆಸರಿಲ್ಲದೆಯೂ ನಡೆಯುತ್ತದೆ.

ಇಂತಿ,
ಒಲೆ ಪಕ್ಕ ಕಣ್ಣು ಮುಚ್ಚಿಕೊಂಡು ಕೂತಿರುವ
ಹುಡುಗ